ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರು ಯಾಕೆ ಕಾಲೇಜು ಬದಲಿಸುತ್ತಾರೆ? ಅಭಿಮಾನಿಗಳಿಗೆ ಸಿಟ್ಟು ಬರಲ್ವಾ?

ಮುಖ್ಯ ಕಾರಣ ಆಡುವ ಅವಕಾಶ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ತಂಡಕ್ಕೆ ಒಬ್ಬನೇ. ಎರಡನೆಯವನು ಎಷ್ಟೇ ಚೆನ್ನಾಗಿದ್ದರೂ ಬೆಂಚಿನಲ್ಲೇ ಕೂರಬೇಕು. ಕಾಲೇಜಿನಲ್ಲಿ ಸಿಗುವುದೋ ಕೆಲವೇ ವರ್ಷ. ಅಷ್ಟರಲ್ಲಿ ಆಟ ತೋರಿಸದಿದ್ದರೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗುವುದು ಕಷ್ಟ.

ಹಿಂದೆ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡುವಂತಿರಲಿಲ್ಲ. 2021ರಲ್ಲಿ, ಮೊದಲ ಸಲ ಬದಲಿಸುವವರಿಗೆ ಆ ತಡೆ ತೆಗೆದರು. ಅದೇ ವರ್ಷ ಜಾಹೀರಾತಿನಿಂದ ದುಡಿಯಲೂ ಬಿಟ್ಟರು. ಅಲ್ಲಿಂದ ಹಣವೂ ದೊಡ್ಡ ಕಾರಣವಾಯಿತು.

ಅಭಿಮಾನಿಗಳಿಗೆ ನೋವಾಗುತ್ತದೆ, ನಿಜ. ಆದರೆ ಹೋದ ರೀತಿ ಮುಖ್ಯ. ಅಲಬಾಮಾ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಕಳೆದುಕೊಂಡ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ತಕ್ಷಣ ಹೊರಡಲಿಲ್ಲ. ಇನ್ನೊಂದು ಸೀಸನ್ ಉಳಿದರು. 2018ರಲ್ಲಿ ಎಸ್‌ಇಸಿ ಎಂಬ ಕಾಲೇಜು ಲೀಗಿನ ಫೈನಲ್‌ನಲ್ಲಿ ಬೆಂಚಿನಿಂದ ಎದ್ದು ಬಂದು, ಸೋಲುತ್ತಿದ್ದ ಪಂದ್ಯವನ್ನು ಜಾರ್ಜಿಯಾ ವಿರುದ್ಧ ಗೆಲ್ಲಿಸಿಕೊಟ್ಟರು! ಆಮೇಲೆ ಓಕ್ಲಹೋಮಾಗೆ ಹೋದಾಗ ಅಲಬಾಮಾದವರು ಪ್ರೀತಿಯಿಂದಲೇ ಕಳಿಸಿಕೊಟ್ಟರು.

2022ರಲ್ಲಿ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಓಕ್ಲಹೋಮಾ ಬಿಟ್ಟಾಗ ಮಾತ್ರ ಅಲ್ಲಿನ ಅನೇಕರು ಕೆರಳಿದರು. ನನಗದು ಸರಿ ಕಾಣುವುದಿಲ್ಲ. ಅವರನ್ನು ಕರೆತಂದಿದ್ದ ಕೋಚ್ ಲಿಂಕನ್ ರೈಲಿ ಮೊದಲೇ ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯಕ್ಕೆ ಹೊರಟಿದ್ದರು, ಹುಡುಗ ಅವರ ಹಿಂದೆ ಹೋದ, ಅಷ್ಟೇ ಅಲ್ವಾ?