ಶಾಪ ವರ್ಷಕ್ಕೆ ಒಂಬತ್ತು ಅಡಿ ತೆವಳುತ್ತದೆಯೇ?

ಪ್ರಶ್ನೆ: ತಲಕಾಡು ಮರಳಲ್ಲಿ ಹೂತುಹೋದದ್ದು ಅಲಮೇಲಮ್ಮನ ಶಾಪದಿಂದಲೇ ಎಂದು ವಿಜ್ಞಾನಿಗಳೂ ಒಪ್ಪಿದ್ದಾರಂತೆ, ನಿಜವೇ?

ಯಾವ ವಿಜ್ಞಾನಿ? ಹೆಸರು ಕಳಿಸಿ, ನಾನೂ ವಿಚಾರಿಸುತ್ತೇನೆ. ತಲಕಾಡಿನ ಐದು ಶಿವಾಲಯಗಳ ಜಾತ್ರೆ, ಪಂಚಲಿಂಗ ದರ್ಶನ ಬಂದಾಗಲೆಲ್ಲ ಇದೇ ಪ್ರಶ್ನೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ಹಿಡಿದದ್ದು ಇತಿಹಾಸ. ತನ್ನ ಒಡವೆಗಾಗಿ ಬೆನ್ನಟ್ಟಿದವರಿಗೆ 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ' ಎಂದು ಶಪಿಸಿ ಆ ಪ್ರತಿನಿಧಿಯ ಮಡದಿ ಅಲಮೇಲಮ್ಮ ಹೊಳೆಗೆ ಹಾರಿದ್ದು ಐತಿಹ್ಯ. ಎರಡನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುವ ಗೈಡುಗಳಿಗೆ ನನ್ನ ನಮಸ್ಕಾರ.

ಕಾವೇರಿ ಇಲ್ಲಿ ಗಕ್ಕನೆ ತಿರುಗುತ್ತಾಳೆ. ತಿರುವಿನಲ್ಲಿ ನೀರಿನ ಓಟ ತಗ್ಗಿದ ಕಡೆ ಮರಳು ಇಳಿಯುತ್ತದೆ, ಎದುರು ದಡ ಕೊರೆದು ಆಳವಾಗುತ್ತದೆ. ಮಾಲಂಗಿ ಇರುವುದು ಎದುರು ದಡದಲ್ಲೇ! 14ನೇ ಶತಮಾನದ ಮಾಧವಮಂತ್ರಿ ಕಟ್ಟೆ ನೀರು ತಡೆದ ಮೇಲೆ ಹೊಳೆಯ ಪಾತ್ರ ಬರಿದಾಗಿ ಮರಳು ಬಯಲಿಗೆ ಬಿತ್ತು, ಮುಂಗಾರಿನ ನೈಋತ್ಯ ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಎಂಬುದು ಭೂವಿಜ್ಞಾನಿಗಳ ವಾದ. ನನಗೂ ಅದೇ ಸರಿಯೆನಿಸುತ್ತದೆ. ದಿಬ್ಬಗಳು ವರ್ಷಕ್ಕೆ ಒಂಬತ್ತು-ಹತ್ತು ಅಡಿ ಮುಂದೊತ್ತುತ್ತಿದ್ದವು, ಅದೂ ಹೆಚ್ಚಾಗಿ ಮುಂಗಾರಿನಲ್ಲಿ ಎಂದು 19ನೇ ಶತಮಾನದ ಬಿ.ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ದಾಖಲಿಸಿದೆ. ಮುಂಗಾರಿಗೆ ಕಾಯುವ ಶಾಪ!

ಇನ್ನೂ ನಂಬಿಕೆ ಬಾರದಿದ್ದರೆ ಹೊಳೆಯಂಚಿನ ಒಂದು ಹಿಡಿ, ದಿಬ್ಬದ ನೆತ್ತಿಯ ಒಂದು ಹಿಡಿ ಮರಳು ತನ್ನಿ. ಮೊದಲನೆಯದರಲ್ಲಿ ಹರಳು, ಚಿಪ್ಪಿನ ಚೂರು ಸಿಗುತ್ತವೆ. ಎರಡನೆಯದು ಜರಡಿ ಹಿಡಿದ ಹಾಗೆ ಒಂದೇ ಸಮ, ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಜರಡಿ ಹಿಡಿದದ್ದು ಗಾಳಿ. ಆಮೇಲೆ 1117ರ ಕೀರ್ತಿನಾರಾಯಣ ಗುಡಿಗೆ ಹೋಗಿ. ಹಳ್ಳಕ್ಕೆ ಇಳಿದಂತೆ ಇಳಿಯಬೇಕು.

ಶಾಪದ ಮೂರನೇ ಮಾತು, ಮೈಸೂರು ದೊರೆಗಳ ಸಂತಾನದ ಲೆಕ್ಕ, ನನ್ನನ್ನು ಕೇಳಬೇಡಿ.

ಪ್ರಶ್ನೆ: ತಲಕಾಡಿನಿಂದ ಆಳಿದ ಗಂಗರ ನಾಡನ್ನು ಶಾಸನಗಳು 'ಗಂಗವಾಡಿ 96,000' ಎನ್ನುತ್ತವೆ. ಎಂದರೆ ಅಷ್ಟು ಹಳ್ಳಿಗಳೇ?

ಹಳ್ಳಿಗಳ ಲೆಕ್ಕ ಎನ್ನುವವರಿದ್ದಾರೆ, ಕಂದಾಯದ ಲೆಕ್ಕ ಎನ್ನುವವರೂ ಇದ್ದಾರೆ. ನೊಳಂಬವಾಡಿ 32,000, ಬನವಾಸಿ 12,000 ಎಂಬ ಶಾಸನದ ಹೆಸರುಗಳನ್ನೂ ಜೊತೆಗಿಟ್ಟು ನೋಡಿ, ಇಂದಿನ ಜನಗಣತಿಯಂತೆ ಕೂಡಿಸಲು ಹೋಗಬೇಡಿ.

ಪ್ರಶ್ನೆ: ತಲ, ಕಾಡ ಎಂಬ ಬೇಡರಿಂದ ಊರಿಗೆ ಹೆಸರು ಬಂತೇ?

ಸ್ಥಳಪುರಾಣ. ಮುಂದಕ್ಕೆ.

ಪ್ರಶ್ನೆ: ಮರಳಡಿ ಗಂಗರ ನಿಧಿ ಇದೆಯೇ? ಮೆಟಲ್ ಡಿಟೆಕ್ಟರ್ ತರಬಹುದೇ?

ತನ್ನಿ, ಪೊಲೀಸರಿಗೆ ನಾನೇ ಫೋನ್ ಮಾಡುತ್ತೇನೆ.

ಪ್ರಶ್ನೆ: ಮಕ್ಕಳೊಂದಿಗೆ ಹೊಳೆಯಲ್ಲಿ ಈಜಬಹುದೇ?

ಬೇಡ. ಕಾಲಡಿಯ ಮರಳು ಇದ್ದಕ್ಕಿದ್ದಂತೆ ಕುಸಿದು ಗುಂಡಿಯಾಗುತ್ತದೆ. ಮೊಣಕಾಲಿನ ನೀರು ದಾಟಿ ನಾನೂ ಇಳಿಯುವುದಿಲ್ಲ.