ನೆರೆ ಬಂದರೆ ಯಾವ ಊರಿಗೆ, ಯಾರಿಗೆ ಕಷ್ಟ ಜಾಸ್ತಿ? ಅದನ್ನು ಅಳೆಯುವುದು ಹೇಗೆ?

ಉಪಗ್ರಹದ ನೆರೆ ನಕ್ಷೆಗೆ ಜನಗಣತಿಯ ಅಂಕಿಅಂಶ ಸೇರಿಸಿ, ನದಿ ದಂಡೆಯ ಪ್ರತಿ ಊರಿಗೂ ಒಂದೊಂದು ಅಂಕ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಶುರು ಮಾಡಲು ಸಾಕು, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಾನು ಇದೇ ಥರದ ಸಮೀಕ್ಷೆಗಳಲ್ಲಿ ಕೆಲಸ ಮಾಡುತ್ತೇನೆ. ನೀರು ಎಲ್ಲಿಗೆ ಬರುತ್ತದೆ ಅಂತ ನಕ್ಷೆ ಹೇಳುತ್ತದೆ. ನೀರು ಬಂದಾಗ ಯಾರಿಗೆ ಎದ್ದು ಹೋಗಲು ಆಗುವುದಿಲ್ಲ ಅನ್ನುವುದನ್ನು ನೀವೇ ಹುಡುಕಬೇಕು.

2021ರ ಜುಲೈನಲ್ಲಿ ಜರ್ಮನಿಯ ಆರ್ ನದಿ ಉಕ್ಕಿದಾಗ, ಜಿನ್‌ಸಿಗ್ ಪಟ್ಟಣದ ಅಂಗವಿಕಲರ ವಸತಿಗೃಹವೊಂದರಲ್ಲಿ 12 ಮಂದಿ ಮುಳುಗಿ ಸತ್ತರು. ಅವರಿದ್ದದ್ದು ನೆಲಮಹಡಿಯಲ್ಲಿ. ದೇಶ ಶ್ರೀಮಂತ, ಕಟ್ಟಡ ಗಟ್ಟಿ, ಆದರೂ ಹೀಗಾಯಿತು. 2005ರ ಕತ್ರಿನಾ ಚಂಡಮಾರುತದಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಸತ್ತವರಲ್ಲೂ ಸುಮಾರು ಅರ್ಧದಷ್ಟು ಜನ 75 ದಾಟಿದವರು. ಊರಿನ ಸರಾಸರಿ ಆದಾಯ ನೋಡಿದರೆ ಇವರು ಯಾರೂ ಕಾಣಿಸುವುದಿಲ್ಲ, ಅಲ್ವಾ?

ನಕ್ಷೆಗೂ ಮಿತಿ ಇದೆ. ರೇಡಾರ್ ಉಪಗ್ರಹ ಮೋಡದಾಚೆಗೂ ನೋಡುತ್ತದೆ, ನಿಜ. ಆದರೆ ಅದು ಒಂದೇ ಜಾಗದ ಮೇಲೆ ಮತ್ತೆ ಬರುವುದು ಕೆಲವು ದಿನಗಳಿಗೊಮ್ಮೆ. ಅಷ್ಟರಲ್ಲಿ ನೀರು ಏರಿ ಇಳಿದಿರಬಹುದು. ದಟ್ಟ ಮರಗಳ ಕೆಳಗೆ, ಒತ್ತೊತ್ತಾದ ಮನೆಗಳ ನಡುವೆ ನಿಂತ ನೀರನ್ನು ಗುರುತಿಸುವುದೂ ಕಷ್ಟ. ಗೋಡೆಯ ಮೇಲಿನ ಕೆಸರಿನ ಗೆರೆಗೆ ಟೇಪ್ ಹಿಡಿದು ಅಳೆಯಿರಿ. ಆ ಅಳತೆಯನ್ನು ನಕ್ಷೆಯ ಜೊತೆ ಹೋಲಿಸಿ ನೋಡಿ.

ಇನ್ನು ಅಂಕದ ವಿಷಯ. ಸಾಮಾನ್ಯವಾಗಿ ಎಲ್ಲ ಅಂಶಗಳನ್ನೂ 0ಯಿಂದ 1ರೊಳಗೆ ತಂದು ಸರಾಸರಿ ತೆಗೆಯುತ್ತಾರೆ. ನನಗೆ ಭಯ ಇರುವುದು ಇಲ್ಲೇ. ಒಂದು ಊರಲ್ಲಿ ರಸ್ತೆ ಚೆನ್ನಾಗಿದೆ, ಶಾಲೆ ಇದೆ, ಬ್ಯಾಂಕ್ ಇದೆ. ಆದರೆ ಎಚ್ಚರಿಕೆ ಮಾತ್ರ ಯಾರಿಗೂ ತಲುಪುವುದಿಲ್ಲ ಅಂದುಕೊಳ್ಳಿ. ಸರಾಸರಿ ತೆಗೆದರೆ ಊರು 'ಮಧ್ಯಮ' ಅಂತ ಬರುತ್ತದೆ. ರಾತ್ರಿ ನೀರು ನುಗ್ಗಿದರೆ ಆ ಬ್ಯಾಂಕ್ ಯಾರನ್ನೂ ಎಬ್ಬಿಸುವುದಿಲ್ಲ. ಹಾಗಾಗಿ ನೀರಿಗೆ ಸಿಗುವ ಸಾಧ್ಯತೆ, ತಪ್ಪಿಸಿಕೊಳ್ಳುವ ಶಕ್ತಿ, ಆಮೇಲೆ ಚೇತರಿಸಿಕೊಳ್ಳುವ ಶಕ್ತಿ, ಇವನ್ನು ಬೇರೆ ಬೇರೆ ಕಾಲಂನಲ್ಲೇ ಇಡಿ. ಇನ್ನೊಂದು, ಹೀಗೆ ಬರುವ ಅಂಕ ಬರೀ ಹೋಲಿಕೆಯದ್ದು. ತೀರಾ ಕೆಟ್ಟ ಸ್ಥಿತಿಯ ಹೊಸ ಊರೊಂದನ್ನು ಪಟ್ಟಿಗೆ ಸೇರಿಸಿದರೆ ಉಳಿದ ಊರುಗಳು ಸುಮ್ನೆ ಕೂತಲ್ಲೇ ಸುರಕ್ಷಿತವಾದಂತೆ ಕಾಣುತ್ತವೆ.

ಮನೆ ಮನೆಗೆ ಹೋದಾಗ 'ನಿಮಗೆ ಅಪಾಯ ಇದೆಯಾ' ಅಂತ ಕೇಳಬೇಡಿ. ಕಳೆದ ಸಲ ನೀರು ಬರುತ್ತೆ ಅಂತ ಯಾರು ಹೇಳಿದರು? ಎಷ್ಟು ಹೊತ್ತಿಗೆ? ಮೊದಲು ಏನನ್ನು ಎತ್ತಿಕೊಂಡಿರಿ? ಮನೆಯಲ್ಲಿ ಯಾರು ಉಳಿದರು, ಯಾಕೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು ಬಹಳ ಮುಖ್ಯ. ದನಕರು ಬಿಟ್ಟು ಹೋಗಲಾಗಲಿಲ್ಲ, ಕಳ್ಳರ ಭಯ, ಹಾಸಿಗೆ ಹಿಡಿದ ಅತ್ತೆಯನ್ನು ಹೊರುವವರಿಲ್ಲ. ಇದರಲ್ಲಿ ಒಂದೂ ಜನಗಣತಿಯಲ್ಲಿ ಇರುವುದಿಲ್ಲ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ. ಗಂಡಸರು ಬೆಳೆ ನಷ್ಟದ ಲೆಕ್ಕ ಕೊಟ್ಟ ಮನೆಯಲ್ಲೇ ಹೆಂಗಸರು ಶೌಚಾಲಯ ಇಲ್ಲದೆ ಪಟ್ಟ ಪಾಡನ್ನು ಹೇಳುತ್ತಾರೆ.

ಚೇತರಿಕೆ ಅಳೆಯಲು ಸಾಲದ ಬಗ್ಗೆ ಕೇಳಿ: ಕಳೆದ ನೆರೆಗೆ ಮಾಡಿದ ಸಾಲ ತೀರಿದೆಯಾ? ಹೊಲ ಇರುವವರಿಗೆ ಪರಿಹಾರ ಬಂದಿರಬಹುದು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕೆಲಸ ಹೋದದ್ದು ಬೆಳೆ ನಷ್ಟದ ಪಟ್ಟಿಗೆ ಬರುವುದಿಲ್ಲ. ಬಾಡಿಗೆಗೆ ಇರುವವರದ್ದೂ ಅದೇ ಕಥೆ.

ನೀರು ತಡೆಯಲು ನದಿ ದಂಡೆಗೆ ಏರಿ ಕಟ್ಟಿದ ಊರುಗಳನ್ನು 'ಸುರಕ್ಷಿತ' ಅಂತ ಬಿಡಬೇಡಿ. ಏರಿ ಇದೆ ಅನ್ನುವ ಧೈರ್ಯದಲ್ಲಿ ಅದರ ಹಿಂದೆಯೇ ಹೊಸ ಮನೆಗಳು ಏಳುತ್ತವೆ. ಒಡೆದ ದಿನ ನಷ್ಟ ಮೊದಲಿಗಿಂತ ಜಾಸ್ತಿ.

ಕೊನೆಗೆ ನಿಮ್ಮ ಪಟ್ಟಿಯನ್ನು ಕಳೆದ ನೆರೆಯಲ್ಲಿ ನಿಜವಾಗಿ ನಷ್ಟವಾದ ಮನೆಗಳ ಜೊತೆ ಹೋಲಿಸಿ. ಹೊಂದದಿದ್ದರೆ ಯಾವ ಅಂಶಕ್ಕೆ ಎಷ್ಟು ಮಹತ್ವ ಅನ್ನುವುದನ್ನು ಬದಲಿಸಿ. ಸಮೀಕ್ಷೆಗೆ ಸಂಜೆ ಹೊತ್ತು ಹೋಗಿ. ಹಗಲಲ್ಲಿ ಹೋದರೆ ಕೂಲಿಗೆ ಹೋದವರು ಸಿಗುವುದಿಲ್ಲ, ನಿಮಗೆ ಮೊದಲು ಬೇಕಾದವರು ಅವರೇ.