ಅಮೆರಿಕದ ಕಾಲೇಜು ಆಟಗಾರರಿಗೆ ಬೂಸ್ಟರ್‌ಗಳು ಕೊಡುವುದು ಜಾಹೀರಾತಿನ ಹಣವೋ, ಆಟಗಾರನನ್ನು ಕೊಳ್ಳುವ ಹಣವೋ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಬೂಸ್ಟರ್‌ಗಳು, ಅಂದರೆ ಕಾಲೇಜು ತಂಡದ ಶ್ರೀಮಂತ ಅಭಿಮಾನಿಗಳು, ಜಾಹೀರಾತಿನ ನೆಪದಲ್ಲಿ ಹುಡುಗರನ್ನು ಕೊಂಡುಕೊಳ್ಳುತ್ತಿದ್ದಾರಾ? ಇದರಿಂದ ಕಾಲೇಜು ಕ್ರೀಡೆ ಹಾಳಾಯಿತಾ? ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಬಹುಪಾಲು ಹಾಗೇ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಹಣ ಮೊದಲೂ ಇತ್ತು. ಈಗ ರಸೀದಿ ಬಂದಿದೆ, ಅಷ್ಟೇ.

ನಾನಿರುವುದು ಡಲ್ಲಾಸ್ ಹತ್ತಿರ. ಇಲ್ಲಿ ಶನಿವಾರ ಕಾಲೇಜು ಫುಟ್‌ಬಾಲ್, ಸೋಮವಾರ ಆಫೀಸಿನಲ್ಲಿ ಅದರದ್ದೇ ಚರ್ಚೆ. (ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ.) ಈ ಊರಿನದೇ ಒಂದು ಕಾಲೇಜಿದೆ: ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ, ಎಲ್ಲರ ಬಾಯಲ್ಲೂ ಎಸ್‌ಎಂಯು. ಅದರ ಕತೆ ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

1980ರ ದಶಕದಲ್ಲಿ ಎಸ್‌ಎಂಯು ತಂಡ ಜೋರಾಗಿತ್ತು. ಟೆಕ್ಸಸ್‌ನಲ್ಲಿ ಎಣ್ಣೆ ದುಡ್ಡು, ರಿಯಲ್ ಎಸ್ಟೇಟ್ ದುಡ್ಡು ಹರಿದಾಡುತ್ತಿದ್ದ ಕಾಲ. ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ಅಭಿಮಾನಿ ದಾನಿಗಳು, ಅಂದರೆ ಬೂಸ್ಟರ್‌ಗಳು, ಆಟಗಾರರಿಗೆ ಕೊಡಲು ಗುಟ್ಟಾಗಿ ಒಂದು ನಿಧಿ ಇಟ್ಟಿದ್ದರು. ಆಗ ಹಾಗೆ ಹಣ ಕೊಡುವುದು ನಿಯಮಕ್ಕೆ ವಿರುದ್ಧ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ ತನಿಖೆ ಮಾಡಿದಾಗ 13 ಆಟಗಾರರ ಹೆಸರು ಬಂತು. ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 50 ಡಾಲರಿನಿಂದ 725 ಡಾಲರ್. ಎಲ್ಲ ಸೇರಿ ಸುಮಾರು 61,000 ಡಾಲರ್. ಶಿಕ್ಷೆ ಏನು ಗೊತ್ತಾ? 1987ರ ಇಡೀ ಸೀಸನ್ ರದ್ದು. ಇದನ್ನು ಇಲ್ಲಿನವರು ಇವತ್ತಿಗೂ 'ಡೆತ್ ಪೆನಾಲ್ಟಿ' ಅನ್ನುತ್ತಾರೆ. ಮರುವರ್ಷ ತವರಿನ ಪಂದ್ಯಗಳಿಗೆ ಅನುಮತಿ ಇರಲಿಲ್ಲ, ಹಾಗಾಗಿ ಕಾಲೇಜು 1988ರಲ್ಲೂ ಆಡಲಿಲ್ಲ. ಮತ್ತೆ ಒಂದು ಬೌಲ್ ಪಂದ್ಯಕ್ಕೆ (ಸೀಸನ್ ಕೊನೆಗೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಪಂದ್ಯ) ಅರ್ಹವಾಗಿ ಆಡಿದ್ದು 2009ರಲ್ಲಿ.

ಇದರಲ್ಲಿ ನನಗೆ ತುಂಬಾ ಮಜಾ ಅನ್ನಿಸುವ ಭಾಗ ಬೇರೆ. ಸಿಕ್ಕಿಬಿದ್ದ ಮೇಲೂ ಹಣ ಕೊಡುವುದನ್ನು ನಿಲ್ಲಿಸಲಿಲ್ಲ. ಆಗಲೇ ಮಾತು ಕೊಟ್ಟಿದ್ದ ಹುಡುಗರಿಗೆ ಕೊಟ್ಟು ಮುಗಿಸೋಣ ಎಂದು ಆಡಳಿತ ಮಂಡಳಿಯಲ್ಲೇ ತೀರ್ಮಾನವಾಗಿತ್ತು. ಆ ಮಂಡಳಿಯ ಅಧ್ಯಕ್ಷರಾಗಿದ್ದವರು ಬಿಲ್ ಕ್ಲೆಮೆಂಟ್ಸ್. 1987ರ ಮಾರ್ಚ್‌ನಲ್ಲಿ ಅವರು ಇದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆ ಹೊತ್ತಿಗೆ ಅವರು ಟೆಕ್ಸಸ್ ರಾಜ್ಯದ ಗವರ್ನರ್!

ಈಗ 2022ಕ್ಕೆ ಬನ್ನಿ. ಅದೇ ಎಸ್‌ಎಂಯು. ಬುಲೆವಾರ್ಡ್ ಕಲೆಕ್ಟಿವ್ ಎಂಬ ಬೂಸ್ಟರ್‌ಗಳ ಗುಂಪು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ತಲಾ ವರ್ಷಕ್ಕೆ 36,000 ಡಾಲರ್ ಎಂದು ಘೋಷಿಸಿತು. ತಿಂಗಳಿಗೆ 3,000. ಗುಟ್ಟೇನಿಲ್ಲ, ಪತ್ರಿಕೆಗಳಲ್ಲೇ ಬಂತು. ಯಾರೂ ಯಾವ ಶಿಕ್ಷೆಯನ್ನೂ ಕೊಡಲಿಲ್ಲ.

ನಡುವೆ ಬದಲಾದದ್ದು ಕಾನೂನು. 2019ರಲ್ಲಿ ಕ್ಯಾಲಿಫೋರ್ನಿಯಾ, ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಸಂಪಾದಿಸಬಹುದು ಎಂದು ಕಾನೂನು ಮಾಡಿತು. ಬೇರೆ ರಾಜ್ಯಗಳೂ ಹಿಂದೆ ಬಂದವು. 2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 9-0ರಿಂದ ಎನ್‌ಸಿಎಎಗೆ ಬಿಸಿ ಮುಟ್ಟಿಸಿತು. ಆ ತೀರ್ಪು ಓದಿಗೆ ಸಂಬಂಧಪಟ್ಟ ಸೌಲಭ್ಯಗಳ ಬಗ್ಗೆ ಮಾತ್ರ ಇತ್ತು, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಎಲ್ಲರಿಗೂ ಅರ್ಥವಾಯಿತು. 2021ರ ಜುಲೈ 1ರಿಂದ ಎನ್‌ಸಿಎಎ ಬಾಗಿಲು ತೆರೆಯಿತು. ಇದಕ್ಕೆ ಎನ್‌ಐಎಲ್ ಎಂದು ಹೆಸರು: ನೇಮ್, ಇಮೇಜ್, ಲೈಕ್‌ನೆಸ್.

ಶೂ ಕಂಪನಿಯೋ ಹೋಟೆಲ್ಲೋ ಹುಡುಗನ ಜನಪ್ರಿಯತೆ ನೋಡಿ ಜಾಹೀರಾತು ಕೊಡಲಿ ಎಂಬುದು ಕಲ್ಪನೆ. ಆದರೆ ಬಂದದ್ದು ಬೂಸ್ಟರ್‌ಗಳ ಹಣ. ಅವರು ಸೇರಿ 'ಕಲೆಕ್ಟಿವ್' ಕಟ್ಟಿಕೊಂಡರು. ಟೆಕ್ಸಸ್ ಟೆಕ್‌ನ ಮ್ಯಾಟಡಾರ್ ಕ್ಲಬ್ 2022ರಲ್ಲಿ 100 ಫುಟ್‌ಬಾಲ್ ಆಟಗಾರರಿಗೆ ತಲಾ 25,000 ಡಾಲರ್ ಎಂದಿತು. ಬದಲಿಗೆ ಹುಡುಗರು ಮಾಡಬೇಕಾದದ್ದು ಒಂದಿಷ್ಟು ಸಮಾಜಸೇವೆ, ಕಾರ್ಯಕ್ರಮಗಳಿಗೆ ಹಾಜರಿ. ಸ್ಟಾರ್ ಆಟಗಾರನಿಗೂ ಬೆಂಚಿನ ಮೇಲೆ ಕೂರುವವನಿಗೂ ಒಂದೇ ರೇಟು. ಯಾವ ಜಾಹೀರಾತು ಲೆಕ್ಕ ಹೀಗಿರುತ್ತದೆ ಹೇಳಿ?

ಬೂಸ್ಟರ್‌ಗೆ ಜಾಹೀರಾತಿನ ಲಾಭ ಬೇಕಿಲ್ಲ. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟು ಅದರ ಮೇಲೇ ಹೆಸರು ಬರೆಸುವ ದಾನಿಗೆ ಬೆಳಕಿನ ಚಿಂತೆ ಇರುತ್ತದಾ? ಇವನಿಗೂ ಅಷ್ಟೇ, ಅವನ ಕಾಲೇಜು ಗೆಲ್ಲಬೇಕು, ಆ ಗೆಲುವಿನಲ್ಲಿ ತನ್ನ ಪಾಲೂ ಇದೆ ಅನ್ನಿಸಬೇಕು.

ಆಟಗಾರನನ್ನು ಸೆಳೆಯಲು ಎನ್‌ಐಎಲ್ ಹಣದ ಆಮಿಷ ಒಡ್ಡಬಾರದು ಎಂಬ ನಿಯಮ ಮೊದಲು ಇತ್ತು. ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳು ಅದರ ವಿರುದ್ಧ ಕೋರ್ಟಿಗೆ ಹೋದವು. 2024ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಆ ನಿಯಮಕ್ಕೆ ತಡೆ ಕೊಟ್ಟರು. ಸಹಿ ಹಾಕುವ ಮುಂಚೆ ಚೌಕಾಸಿ ಮಾಡದಿದ್ದರೆ ಹುಡುಗನಿಗೆ ತನ್ನ ಬೆಲೆ ಗೊತ್ತಾಗುವುದು ಹೇಗೆ ಎಂಬುದು ಅದರ ಹಿಂದಿನ ತರ್ಕ. ನನಗೆ ಅದು ಸರಿ ಅನ್ನಿಸಿತು. ಅದೇ ವರ್ಷ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು ಎಂದೂ ಆಯಿತು. ಎರಡೂ ಸೇರಿ ಪ್ರತಿ ವರ್ಷ ಸಂತೆ.

ಸಂತೆಯಲ್ಲಿ ಹುಡುಗರೇ ಮೋಸ ಹೋಗುವುದೂ ಉಂಟು. ಜೇಡನ್ ರಶಾಡಾ ಎಂಬ ಕ್ವಾರ್ಟರ್‌ಬ್ಯಾಕ್‌ಗೆ (ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಫ್ಲಾರಿಡಾ ವಿಶ್ವವಿದ್ಯಾಲಯದ ಬೆಂಬಲಿಗರ ಕಡೆಯಿಂದ ಸುಮಾರು 1 ಕೋಟಿ 38 ಲಕ್ಷ ಡಾಲರ್ ಒಪ್ಪಂದ ಆಗಿತ್ತು. ಅದು ಮುರಿದುಬಿತ್ತು. ಅವನು ಅರಿಝೋನಾ ಸ್ಟೇಟ್ ಸೇರಿ, 2024ರಲ್ಲಿ ಫ್ಲಾರಿಡಾದ ಕೋಚ್ ಮತ್ತು ಒಬ್ಬ ಬೂಸ್ಟರ್ ಮೇಲೆ ಕೇಸು ಹಾಕಿದ. ಹೈಸ್ಕೂಲ್ ಮುಗಿಸುತ್ತಿದ್ದ ಹುಡುಗ ಅವನು.

2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ 'ಹೌಸ್' ಪ್ರಕರಣದ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟಿತು. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ. ಇನ್ನು ಮುಂದೆ ಕಾಲೇಜೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಅದರಾಚೆಗೆ 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ಹೊರಗಿನ ಒಪ್ಪಂದವಿದ್ದರೆ ತಪಾಸಣೆಗೆ ಕೊಡಬೇಕು. ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಬೂಸ್ಟರ್ ಹಣಕ್ಕೆ ನಿಜವಾದ ವ್ಯಾಪಾರದ ಉದ್ದೇಶ ಇರಬೇಕು ಎಂಬುದು ಷರತ್ತು. ಆಟಗಾರರಿಗೆ ಹಣ ಕೊಡಲೆಂದೇ ಹುಟ್ಟಿದ ಕಲೆಕ್ಟಿವ್‌ಗೆ ಅಂಥ ಉದ್ದೇಶ ಇಲ್ಲ ಎಂದು ಜುಲೈನಲ್ಲಿ ಕಮಿಷನ್ ಹೇಳಿತು. ಅದೇ ತಿಂಗಳ ಕೊನೆಗೆ, ಆಟಗಾರರ ವಕೀಲರು ಪಟ್ಟು ಹಿಡಿದ ಮೇಲೆ, ಆ ಮಾತು ಸಡಿಲವಾಯಿತು. ನನ್ನ ಪ್ರಕಾರ ಇದು ಹೀಗೇ ಸೋರುತ್ತದೆ. ಗೆಲುವು ಕೊಳ್ಳಲು ಬಂದವನ ಹತ್ತಿರ ವ್ಯಾಪಾರದ ಲೆಕ್ಕ ಕೇಳಿದರೆ, ಅವನು ಒಂದು ಲೆಕ್ಕ ಬರೆದು ತರುತ್ತಾನೆ.

"ಓದುವ ಹುಡುಗರಿಗೆ ಇಷ್ಟು ದುಡ್ಡು ಯಾಕೆ" ಅನ್ನುವವರಿಗೆ ಒಂದು ಮಾತು. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೋ ಫಿಶರ್‌ನನ್ನು ತೆಗೆದುಹಾಕಿತು. ಒಪ್ಪಂದ ಮುರಿದದ್ದಕ್ಕೆ ಕೊಡಬೇಕಾಗಿ ಬಂದದ್ದು ಸುಮಾರು 7.6 ಕೋಟಿ ಡಾಲರ್, ಅಂದರೆ ಕೋಚಿಂಗ್ ಮಾಡದೇ ಇರುವುದಕ್ಕೆ! ಆಗ ಕ್ರೀಡೆಯ ಪಾವಿತ್ರ್ಯ ಯಾರಿಗೂ ನೆನಪಾಗಲಿಲ್ಲ.

ಕೊನೆಯದಾಗಿ, ಮಕ್ಕಳನ್ನು ಟೆನಿಸ್, ಈಜು ಎಂದು ಇಲ್ಲಿಗೆ ಕಳಿಸುವ ಆಸೆ ಇರುವ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ. ಸೋಮ್‌ದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಿಂದ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದದ್ದು ನೆನಪಿರಬಹುದು. ಆ ದಾರಿ ಈಗಲೂ ಇದೆ. ಆದರೆ ಈ ಎನ್‌ಐಎಲ್ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೊಡ್ಡ ಪಾಲು ಹೋಗುವುದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ. ಅದೂ ಅಲ್ಲದೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದೊಳಗೆ ದುಡಿದು ಸಂಪಾದಿಸಲು ಬಿಗಿ ನಿರ್ಬಂಧ ಇದೆ. ಕೆಂಟಕಿಯಲ್ಲಿ ಆಡುತ್ತಿದ್ದ ಕಾಂಗೋ ದೇಶದ ಆಸ್ಕರ್ ಚೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲೇ ಜಾಹೀರಾತಿನ ಕೆಲಸ ಮುಗಿಸಿಕೊಂಡು ಬಂದ. ನಿಮ್ಮ ಮಗಳಿಗೆ ಯಾರಾದರೂ ಎನ್‌ಐಎಲ್ ಆಸೆ ತೋರಿಸಿದರೆ ಸಹಿ ಹಾಕುವ ಮುಂಚೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ, ಒಬ್ಬ ವಲಸೆ ವಕೀಲರನ್ನೂ ಕೇಳಿ. ಕೋಚ್ ಹತ್ತಿರ ಕೇಳಬೇಕಾದದ್ದು ಸ್ಕಾಲರ್‌ಶಿಪ್ ಪೂರ್ತಿಯೋ ಅರ್ಧವೋ, ಎಷ್ಟು ವರ್ಷಕ್ಕೆ ಎಂದು.